ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ? ಮಳೆಗಾಲದ ಕಾರು ಫಾರ್ವರ್ಡ್‌ಗಳ ಅಸಲಿಯತ್ತೇನು?

ಜೂನ್ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಮಳೆಯ ಜೊತೆಗೆ ವಾಟ್ಸಾಪ್ ಸಲಹೆಗಳೂ ಸುರಿಯತೊಡಗುತ್ತವೆ. ‘ಘಾಟಿ ಇಳಿಯುವಾಗ ಗಾಡಿ ನ್ಯೂಟ್ರಲ್‌ಗೆ ಹಾಕಿ, ಪೆಟ್ರೋಲ್ ಉಳಿಸಿ’, ‘ಮಳೆಗೆ ಟೈರಿನ ಗಾಳಿ ಸ್ವಲ್ಪ ಇಳಿಸಿ, ಗ್ರಿಪ್ ಚೆನ್ನಾಗಿ ಸಿಗುತ್ತದೆ’, ‘ನೀರಿನಲ್ಲಿ ಕಾರು ಆಫ್ ಆದರೆ ತಡ ಮಾಡದೆ ಸ್ಟಾರ್ಟ್ ಮಾಡಿ’. ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು, ನೀವೇ ನಾಲ್ಕು ಜನರಿಗೆ ಕಳಿಸಿಯೂ ಇರಬಹುದು. ಇವುಗಳಲ್ಲಿ ಒಂದೊಂದನ್ನೇ ನೋಡೋಣ. ಮೊದಲನೆಯದು ಜೀವದ ಪ್ರಶ್ನೆ, ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಡುತ್ತೇವೆ.

ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಇಲ್ಲ. ಇಂದಿನ ಕಾರುಗಳಲ್ಲಿ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಹೆಚ್ಚೇ ಖರ್ಚಾಗುತ್ತದೆ.

ಆದರೂ ಈ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಹಿಂದಿನ ಅಂಬಾಸಿಡರ್, ಫಿಯೆಟ್, ಮೊದಲ ತಲೆಮಾರಿನ ಮಾರುತಿ 800 ಕಾರುಗಳಲ್ಲಿ ಕಾರ್ಬುರೇಟರ್ ಇರುತ್ತಿತ್ತು. ಗೇರಿನಲ್ಲಿ ಇಳಿಯುವಾಗ ಎಂಜಿನ್ ಜೋರಾಗಿ ತಿರುಗುತ್ತದೆ, ತಿರುಗಿದಷ್ಟೂ ಕಾರ್ಬುರೇಟರ್‌ನಿಂದ ಒಂದಿಷ್ಟು ಪೆಟ್ರೋಲ್ ಎಳೆದುಕೊಳ್ಳುತ್ತದೆ. ನ್ಯೂಟ್ರಲ್ ಹಾಕಿದರೆ ಅಷ್ಟು ಉಳಿಯುತ್ತಿತ್ತು. ಆ ಕಾಲದ ಚಾಲಕರು ಹೇಳಿಕೊಟ್ಟದ್ದು ಆ ಕಾಲದ ಕಾರಿಗೆ ಸರಿ, ಅಪಾಯ ಆಗಲೂ ಇತ್ತು ಅನ್ನುವುದು ಬೇರೆ ಮಾತು.

2000ನೇ ಇಸವಿಯ ಸುಮಾರಿಗೆ ಮಾಲಿನ್ಯ ನಿಯಮಗಳು ಬಿಗಿಯಾದ ಮೇಲೆ ಕಾರ್ಬುರೇಟರ್ ಕಾರುಗಳು ಮರೆಯಾದವು. ಈಗಿನದು ಇಂಧನ ಇಂಜೆಕ್ಷನ್, ಅದನ್ನು ನಡೆಸುವುದು ಕಂಪ್ಯೂಟರ್. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ‘ಚಕ್ರಗಳೇ ಎಂಜಿನ್ ತಿರುಗಿಸುತ್ತಿವೆ, ಪೆಟ್ರೋಲ್ ಯಾಕೆ ಬೇಕು?’ ಎಂದು ಅದು ಇಂಜೆಕ್ಟರ್‌ಗಳನ್ನು ಪೂರ್ತಿ ಮುಚ್ಚಿಬಿಡುತ್ತದೆ. ಆಗ ಇಂಧನದ ಖರ್ಚು ಸೊನ್ನೆ. ಎಂಜಿನ್ ವೇಗ ತೀರಾ ಇಳಿದಾಗ ಮಾತ್ರ ಮತ್ತೆ ಇಂಧನ ಬಿಡುತ್ತದೆ. ಅದೇ ನ್ಯೂಟ್ರಲ್ ಹಾಕಿದರೆ ಎಂಜಿನ್ ಆಫ್ ಆಗದಂತೆ ನಿರಂತರವಾಗಿ ಪೆಟ್ರೋಲ್ ಸುಡಬೇಕು. ಸಣ್ಣ ಕಾರು ಸುಮ್ಮನೆ ನಿಂತು ಓಡುತ್ತಿದ್ದರೂ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಕುಡಿಯುತ್ತದೆ. ಅಂದರೆ ಅರ್ಧ ಗಂಟೆ ನ್ಯೂಟ್ರಲ್‌ನಲ್ಲಿ ಇಳಿದವರು ಕಾಲು ಲೀಟರಾದರೂ ಹಾಳು ಮಾಡಿದಂತೆ.

ಇದು ಹಣದ ಲೆಕ್ಕ. ಇನ್ನು ಬ್ರೇಕಿನ ಲೆಕ್ಕ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳದ ಕಡೆ ಬರುವ ಕಾರನ್ನು ನೆನಪಿಸಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 73. ಒಂದರ ಹಿಂದೆ ಒಂದು ಹೇರ್‌ಪಿನ್ ತಿರುವು, ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಣಿವೆ. ಕಾರು, ಒಳಗಿನ ಜನ, ಸಾಮಾನು ಎಲ್ಲ ಸೇರಿ 1,300 ಕೆ.ಜಿ. ಎಂದಿಟ್ಟುಕೊಳ್ಳೋಣ. ಎತ್ತರದಲ್ಲಿ 700 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 90 ಲಕ್ಷ ಜೂಲ್. ಬಚ್ಚಲ ಹಂಡೆಯಲ್ಲಿ 25 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಸಲು ಸಾಕಾಗುವಷ್ಟು ಶಾಖ ಅದು. ನ್ಯೂಟ್ರಲ್‌ನಲ್ಲಿದ್ದರೆ ಆ ಶಾಖವನ್ನು ಬಹುಮಟ್ಟಿಗೆ ನಾಲ್ಕು ಚಕ್ರಗಳ ಬ್ರೇಕುಗಳೇ ನುಂಗಬೇಕು. ಗೇರಿನಲ್ಲಿದ್ದರೆ ಅದರ ದೊಡ್ಡ ಪಾಲನ್ನು ಎಂಜಿನ್ ತಡೆದುಕೊಳ್ಳುತ್ತದೆ.

ಬ್ರೇಕ್ ಅತಿಯಾಗಿ ಬಿಸಿಯಾದಾಗ ಎರಡು ತೊಂದರೆ ಆಗುತ್ತದೆ. ಪ್ಯಾಡ್‌ಗಳು ಹಿಡಿತ ಕಳೆದುಕೊಳ್ಳುತ್ತವೆ. ಎಷ್ಟು ಒತ್ತಿದರೂ ಗಾಡಿ ನಿಧಾನ ಆಗುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಇನ್ನೂ ಕೆಟ್ಟದ್ದು ಬ್ರೇಕ್ ಆಯಿಲ್ ಕುದಿಯುವುದು. ಕುದಿದರೆ ಪೈಪಿನೊಳಗೆ ಆವಿಯ ಗುಳ್ಳೆಗಳಾಗಿ, ಪೆಡಲ್ ಸ್ಪಂಜಿನಂತೆ ನೆಲಕ್ಕೆ ಹೋಗುತ್ತದೆ.

ನಮ್ಮ ಕಡೆಯ ಮಳೆಗೂ ಇದಕ್ಕೂ ನಂಟಿದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಮೇಲೆ ಅದೇ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230ರಿಂದ 155ಕ್ಕೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ದಕ್ಷಿಣ ಕನ್ನಡದಲ್ಲಿ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸುವುದು ಗ್ಯಾರೇಜಿನವರ ಹಣ ಮಾಡುವ ತಂತ್ರವಲ್ಲ. ಇಡೀ ಸರ್ವಿಸ್‌ನಲ್ಲಿ ತೀರಾ ಕಡಿಮೆ ಖರ್ಚಿನ, ಆದರೆ ಹೆಚ್ಚಿನವರು ಮರೆಯುವ ಕೆಲಸ ಇದು. ‘ಟಾಪ್ ಅಪ್ ಮಾಡಿದ್ದೇವೆ’ ಎಂದರೆ ಒಪ್ಪಬೇಡಿ, ಹಳೆಯದನ್ನು ಪೂರ್ತಿ ತೆಗೆಸಿ.

‘ಎಂಜಿನ್ನನ್ನೇ ಆಫ್ ಮಾಡಿ ಇಳಿಯಿರಿ’ ಎನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಬ್ರೇಕ್ ಪೆಡಲನ್ನು ಹಗುರ ಮಾಡುವ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ನಡೆಯುತ್ತಿದ್ದಾಗ. ಆಫ್ ಆದ ಮೇಲೆ ಒಂದೆರಡು ಸಲ ಒತ್ತುವಷ್ಟು ಶಕ್ತಿ ಉಳಿದಿರುತ್ತದೆ, ನಂತರ ಪೆಡಲ್ ಕಲ್ಲಿನಂತೆ ಗಟ್ಟಿ. ಪವರ್ ಸ್ಟೀರಿಂಗ್ ಕೂಡ ಭಾರವಾಗುತ್ತದೆ. ಕೀ ತೆಗೆದರೆ ಸ್ಟೀರಿಂಗ್ ಲಾಕೇ ಆಗಬಹುದು.

ಹಾಗಾದರೆ ಇಳಿಯುವುದು ಹೇಗೆ? ಹತ್ತುವಾಗ ಯಾವ ಗೇರ್ ಬೇಕಿತ್ತೋ ಇಳಿಯುವಾಗಲೂ ಹೆಚ್ಚು ಕಡಿಮೆ ಅದೇ ಗೇರ್, ಅಂದರೆ ಸಾಮಾನ್ಯವಾಗಿ ಎರಡು ಅಥವಾ ಮೂರು. ತಿರುವು ಬಂದ ಮೇಲೆ ಗೇರ್ ಇಳಿಸುವುದಲ್ಲ, ತಿರುವಿಗೆ ಮೊದಲೇ ಇಳಿಸಿ. ಬ್ರೇಕನ್ನು ಸದಾ ಸವರುತ್ತಾ ಬರಬೇಡಿ. ವೇಗ ಹೆಚ್ಚಿತು ಅನಿಸಿದಾಗ ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗ ತಗ್ಗಿಸಿ, ಬಿಟ್ಟುಬಿಡಿ. ಎಂಜಿನ್ ಗುಂಯ್‌ಗುಡುವುದು ಕೇಳಿ ಅದು ಹಾಳಾಗುತ್ತದೆಂದು ಹೆದರುವವರಿದ್ದಾರೆ. ಮೀಟರಿನ ಕೆಂಪು ಗೆರೆ ದಾಟದಿದ್ದರೆ ಏನೂ ಆಗದು. ಆಟೋಮ್ಯಾಟಿಕ್ ಕಾರಿನಲ್ಲಿ ‘ಎಲ್’, ‘ಎಸ್’ ಅಥವಾ ಮ್ಯಾನುಯಲ್ ಮೋಡ್ ಇರುತ್ತದೆ, ಅದನ್ನು ಬಳಸಿ. ಎಲೆಕ್ಟ್ರಿಕ್ ಕಾರಿನವರಿಗೆ ಒಂದು ಕಿವಿಮಾತು: ಘಾಟಿಯ ತುದಿಯಲ್ಲಿ ಬ್ಯಾಟರಿ ನೂರಕ್ಕೆ ನೂರು ತುಂಬಿಸಿ ಇಳಿದರೆ, ಇಳಿಜಾರಿನ ಶಕ್ತಿಯನ್ನು ತುಂಬಿಕೊಳ್ಳಲು ಜಾಗವಿಲ್ಲದೆ ಮೋಟಾರಿನ ತಡೆ ಕಡಿಮೆಯಾಗಬಹುದು.

ಸುಟ್ಟ ವಾಸನೆ ಬಂದರೆ ತಿರುವಿಲ್ಲದ, ಗುಡ್ಡದ ಮಣ್ಣು ಸಡಿಲವಾಗಿರದ ಅಗಲ ಜಾಗ ನೋಡಿ ನಿಲ್ಲಿಸಿ. 2019ರ ಆಗಸ್ಟ್‌ನಲ್ಲಿ ಇದೇ ಘಾಟಿಯಲ್ಲಿ ಸಾಲು ಸಾಲು ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಆದ್ದರಿಂದ ಜೋರು ಮಳೆಯಲ್ಲಿ ಗುಡ್ಡದ ಬುಡದಲ್ಲಿ ನಿಲ್ಲುವುದು ಬೇಡ. ರಿವರ್ಸ್ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ತಣಿಯಲು ಬಿಡಿ. ಬಿಸಿ ಡಿಸ್ಕಿಗೆ ನೀರು ಹೊಯ್ಯಬೇಡಿ, ಅದು ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು. ಹೊರಡುವಾಗ ಕಲ್ಲು ತೆಗೆದು ಬದಿಗೆ ಹಾಕಿ, ಹಿಂದೆ ಬರುವ ಬೈಕಿನವರ ಪುಣ್ಯ!

ಟೈರಿನ ಗಾಳಿ ಇಳಿಸಿದರೆ ಗ್ರಿಪ್ ಹೆಚ್ಚುತ್ತದೆಯೇ?

ಕೆಸರು ಗದ್ದೆಯಲ್ಲಿ, ಮರಳಿನಲ್ಲಿ ಹೌದು. ಡಾಂಬರು ರಸ್ತೆಯ ಮಳೆನೀರಿನಲ್ಲಿ ಇದು ತಿರುಗುಬಾಣ. ರಸ್ತೆ ಮೇಲೆ ನೀರು ನಿಂತಿದ್ದು ವೇಗ ಹೆಚ್ಚಿದ್ದರೆ ಟೈರ್ ನೀರಿನ ಪದರದ ಮೇಲೆ ತೇಲಿಬಿಡುತ್ತದೆ. ಆಗ ಬ್ರೇಕೂ ಇಲ್ಲ, ಸ್ಟೀರಿಂಗೂ ಇಲ್ಲ. 1960ರ ದಶಕದಲ್ಲಿ ನಾಸಾ ವಿಮಾನದ ಟೈರ್‌ಗಳ ಮೇಲೆ ನಡೆಸಿದ ಅಧ್ಯಯನದ ಪ್ರಕಾರ, ಟೈರಿನ ಒತ್ತಡ ಕಡಿಮೆ ಇದ್ದಷ್ಟೂ ಕಡಿಮೆ ವೇಗಕ್ಕೇ ತೇಲುತ್ತದೆ. ಆ ಸೂತ್ರದಂತೆ 32 ಪಿಎಸ್‌ಐಗೆ ಗಂಟೆಗೆ ಸುಮಾರು 94 ಕಿ.ಮೀ., 24 ಪಿಎಸ್‌ಐಗೆ ಸುಮಾರು 82. ಟೈರ್ ಸವೆದಿದ್ದರೆ ಇನ್ನೂ ಬೇಗ. ಡ್ರೈವರ್ ಬದಿಯ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಬರೆದಷ್ಟೇ ಗಾಳಿ ಹಾಕಿಸಿ. ಟೈರಿನ ಗಾಡಿಗಳ ಆಳ ಕಾನೂನಿನ ಪ್ರಕಾರ ಕನಿಷ್ಠ 1.6 ಮಿ.ಮೀ. ಇರಬೇಕು, ಆದರೆ ನಮ್ಮ ಮಳೆಗೆ ಅದು ಸಾಲದು. 3 ಮಿ.ಮೀ. ಆಗುವಾಗಲೇ ಹೊಸದರ ಯೋಚನೆ ಮಾಡುವುದು ಒಳ್ಳೆಯದು. ಹಣ ಉಳಿಸಲೇಬೇಕೆಂದರೆ ಸೀಟ್ ಕವರ್, ಸ್ಪೀಕರ್‌ನಲ್ಲಿ ಉಳಿಸಿ, ಟೈರಿನಲ್ಲಿ ಬೇಡ.

ನೀರಿನಲ್ಲಿ ಕಾರು ಆಫ್ ಆಯಿತು, ಸ್ಟಾರ್ಟ್ ಮಾಡಬಹುದೇ?

ಖಂಡಿತ ಬೇಡ. ಬಂಟ್ವಾಳದ ಹಿರಿಯರು 1974ರ ನೆರೆಯನ್ನು ಈಗಲೂ ನೆನೆಯುತ್ತಾರೆ. 2019ರಲ್ಲೂ ನೇತ್ರಾವತಿ ಪೇಟೆಯ ತಗ್ಗು ಪ್ರದೇಶಗಳಿಗೆ ನುಗ್ಗಿತ್ತು. ಕಾರು ಇಟ್ಟಲ್ಲೇ ಮುಳುಗುವುದು ಇಲ್ಲಿ ಅಪರೂಪವಲ್ಲ.

ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಬೋನೆಟ್ಟಿನ ಮುಂಭಾಗದಲ್ಲಿರುತ್ತದೆ. ಅಲ್ಲಿಂದ ನೀರು ಸಿಲಿಂಡರಿಗೆ ಹೋದರೆ, ಗಾಳಿಯಂತೆ ಅದನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಸ್ಟಾರ್ಟ್ ಮಾಡಿದಿರೋ, ಪಿಸ್ಟನ್ ಮೇಲೆ ಬಂದು ನೀರಿಗೆ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಪೆಟ್ಟು ಇನ್ನೂ ಜೋರು. ಟೋ ಮಾಡಿಸಿ, ನೀರು ತೆಗೆದು, ಆಯಿಲ್ ಬದಲಿಸಿ ಮುಗಿಯಬಹುದಾದ ಕೆಲಸ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ. ವಿಮೆ ಇದೆಯಲ್ಲ ಎಂದರೆ, ಅಲ್ಲೂ ಒಂದು ಕೊಕ್ಕೆ ಇದೆ. ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿ ನೆರೆಯ ಹಾನಿಗೆ ಹಣ ಕೊಡುತ್ತದೆ, ಆದರೆ ನೀರಿನಲ್ಲಿ ಸ್ಟಾರ್ಟ್ ಮಾಡಿ ಕೆಟ್ಟ ಎಂಜಿನ್ನಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕೆ ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಬೇಕು, ಅದರಲ್ಲೂ ಷರತ್ತುಗಳಿರುತ್ತವೆ. ನದಿ ಬದಿ, ತಗ್ಗು ಜಾಗದಲ್ಲಿ ಮನೆ ಇರುವವರು ಈ ಒಂದನ್ನು ಸೇರಿಸಿಕೊಳ್ಳುವುದು ಲಾಭ. ಗುಡ್ಡದ ಮೇಲೆ ಮನೆ ಇದ್ದು, ನೀರು ನಿಲ್ಲುವ ದಾರಿಯಲ್ಲಿ ಓಡಾಟ ಇಲ್ಲದವರಿಗೆ ಅಷ್ಟೇನೂ ಬೇಕಿಲ್ಲ.

ಮುಳುಗು ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಕಾರು ಇಳಿಸಲೇಬೇಡಿ. ಹರಿಯುವ ನೀರು ಒಂದು ಅಡಿ ಇದ್ದರೂ ಸಣ್ಣ ಕಾರನ್ನು ತೇಲಿಸಿಕೊಂಡು ಹೋಗಬಲ್ಲದು.

ಸಮುದ್ರದ ಉಪ್ಪಿನಿಂದ ತುಕ್ಕು?

‘ಕರಾವಳಿಯವರು ಆಂಟಿ ರಸ್ಟ್ ಕೋಟಿಂಗ್ ಮಾಡಿಸಲೇಬೇಕು’ ಎಂಬ ಮಾತು ಸುರತ್ಕಲ್, ಉಳ್ಳಾಲದ ಕಡಲ ಬದಿಯವರಿಗೆ ಸರಿ. ಗಾಳಿಯಲ್ಲಿನ ಉಪ್ಪು ದಡದಿಂದ ಕೆಲವು ಕಿಲೋಮೀಟರ್ ಒಳಗೆ ಬರುವಷ್ಟರಲ್ಲೇ ಬಹಳ ಕಡಿಮೆಯಾಗುತ್ತದೆ. ಬೆಳ್ತಂಗಡಿಯಲ್ಲಿ ಕಾರು ತಿನ್ನುವುದು ಸಮುದ್ರವಲ್ಲ, ಕೆಂಪು ಮಣ್ಣು. ಮೂಡುಬಿದಿರೆ ಹೆದ್ದಾರಿಯಲ್ಲೂ ಚಾರ್ಮಾಡಿ ದಾರಿಯಲ್ಲೂ ಇತ್ತೀಚಿನ ವರ್ಷಗಳಲ್ಲಿ ಅಗಲೀಕರಣ ಕಾಮಗಾರಿಯ ಕೆಸರು ಎಷ್ಟಿತ್ತೆಂದು ಓಡಾಡಿದವರಿಗೆ ಗೊತ್ತು. ಚಕ್ರದ ಮೇಲಿನ ಸಂದಿಯಲ್ಲಿ ಮೆತ್ತಿದ ಮಣ್ಣು ಒದ್ದೆ ಗೋಣಿಯಂತೆ ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ವಾರಕ್ಕೊಮ್ಮೆ ಪೈಪ್ ಹಿಡಿದು ಒಳಭಾಗ ತೊಳೆದರೆ ಅರ್ಧ ಕೆಲಸ ಆಯಿತು. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ಸಣ್ಣ ತೂತುಗಳಿರುತ್ತವೆ, ಅವು ಕಟ್ಟಿಕೊಳ್ಳದಂತೆ ನೋಡಿ. ಕೋಟಿಂಗ್ ಮಾಡಿಸುವುದಾದರೆ ಬೇಸಿಗೆಯಲ್ಲಿ, ತೊಳೆದು ಪೂರ್ತಿ ಒಣಗಿದ ಮೇಲೆ. ಒದ್ದೆ ಮಣ್ಣಿನ ಮೇಲೆ ಹೊಡೆದರೆ ತುಕ್ಕನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವ ಹಳೆಯ ಉಪಾಯ ಬೇಡ, ಅದು ರಬ್ಬರ್ ಬುಷ್‌ಗಳನ್ನು ಕೆಡಿಸುತ್ತದೆ, ಬ್ರೇಕಿಗೆ ತಾಗಿದರಂತೂ ಕೇಳುವುದೇ ಬೇಡ.

ಬೆಳಗ್ಗೆ ಪೆಟ್ರೋಲ್, ಬೋನೆಟ್ಟಿನಲ್ಲಿ ತಂಬಾಕು

‘ಬೆಳಗಿನ ತಂಪಿನಲ್ಲಿ ಪೆಟ್ರೋಲ್ ದಪ್ಪ ಇರುತ್ತದೆ, ಹೆಚ್ಚು ಸಿಗುತ್ತದೆ’ ಎಂಬುದರಲ್ಲಿ ತತ್ವ ಸರಿ, ಲಾಭ ಶೂನ್ಯ. ಒಂದು ಡಿಗ್ರಿಗೆ ಪೆಟ್ರೋಲ್ ಹಿಗ್ಗುವುದು ಸುಮಾರು ಸಾವಿರಕ್ಕೆ ಒಂದು ಪಾಲು. ಬಂಕಿನ ಟ್ಯಾಂಕ್ ನೆಲದಡಿ ಇರುವುದರಿಂದ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಒಂದು ಡಿಗ್ರಿ ವ್ಯತ್ಯಾಸವೂ ಕಷ್ಟ. ಇನ್ನು ಇಲಿ ಓಡಿಸಲು ಎಂಜಿನ್ ಬಳಿ ಹೊಗೆಸೊಪ್ಪು ಇಡುವುದು: ವಾಸನೆ ಇರುವ ಒಂದೆರಡು ದಿನ ಇಲಿ ದೂರ ಇರಬಹುದು, ಆಮೇಲೆ ಅಭ್ಯಾಸವಾಗುತ್ತದೆ. ಇಲಿಯ ಹಲ್ಲು ಬೆಳೆಯುತ್ತಲೇ ಇರುವುದರಿಂದ ಅದು ಸಿಕ್ಕಿದ್ದನ್ನು ಕಡಿಯುತ್ತದೆ. ಅಡಿಕೆ, ತೆಂಗಿನಕಾಯಿ, ಕೋಳಿ ತಿಂಡಿ ಇಡುವ ಶೆಡ್ಡಿನಲ್ಲೇ ಕಾರೂ ನಿಲ್ಲಿಸಿದರೆ ಯಾವ ಸೊಪ್ಪೂ ನಡೆಯುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಕಡಿಮೆ ಬೆಲೆಗೆ ಕಾರು ಬೇಕಾದವರು ಹಳೆಯದನ್ನೇ ನೋಡುವುದು ಸಹಜ, ತಪ್ಪೂ ಅಲ್ಲ. ಆದರೆ ನೆರೆಯಲ್ಲಿ ಮುಳುಗಿದ ಕಾರನ್ನು ಪಾಲಿಶ್ ಮಾಡಿ ಮಾರುವುದುಂಟು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿ, ತುದಿಯಲ್ಲಿ ಕೆಂಪು ಕಲೆ ಇದ್ದರೆ ಸಂಶಯಪಡಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ತುಕ್ಕು, ಮಣ್ಣು ಇದೆಯೇ ಎಂದು, ಮ್ಯಾಟ್ ಸರಿಸಿ ಕಮಟು ವಾಸನೆ ಬರುತ್ತದೆಯೇ ಎಂದು ನೋಡಿ. ಮಳೆ ಇಲ್ಲದ ದಿನ ಎಸಿ ಹಾಕಿದಾಗ ಕೆಸರಿನ ವಾಸನೆ ಬಂದರೆ ಅಲ್ಲಿಂದ ಎದ್ದು ಬನ್ನಿ. ಕೊಂಡ ಮೇಲೆ ಫಾರ್ಮ್ 29 ಮತ್ತು 30 ಕೊಟ್ಟು ಆರ್‌ಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವುದರ ಜೊತೆಗೆ, 14 ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ. ಹಾಗೆ ಮಾಡದಿದ್ದರೆ ಎದುರಿನವರಿಗೆ ಆದ ಹಾನಿಗೆ ವಿಮೆ ಸಿಗಬಹುದು, ನಿಮ್ಮ ಕಾರಿನ ರಿಪೇರಿಗೆ ಸಿಗುವುದಿಲ್ಲ.