ದಾರಿ ಯಾರದು, ದಾರಿಯ ಕೆಳಗಿನ ಮಣ್ಣು ಯಾರದು?

ಆಷಾಢ ಏಕಾದಶಿ ಹತ್ತಿರ ಬಂದರೆ ನಮ್ಮ ಜಹೀರಾಬಾದ್, ನಾರಾಯಣಖೇಡ ಸೀಮೆಯಿಂದ ಪಂಢರಪುರಕ್ಕೆ ದಿಂಡಿಗಳು ಹೊರಡುತ್ತವೆ. ದಸರೆ ಕಳೆದು ಸೀಗಿ ಹುಣ್ಣಿಮೆ ಬಂತೆಂದರೆ ಬೀದರ, ಕಲಬುರಗಿ ಕಡೆಯ ಜನ ತುಳಜಾಪುರದ ದಾರಿ ಹಿಡಿಯುತ್ತಾರೆ. ಯುಗಾದಿಯ ಹೊತ್ತಿಗೆ ಶ್ರೀಶೈಲ ಮಲ್ಲಯ್ಯನ ಕಡೆಗೆ ನಡೆಯುವವರು ಬೇರೆ. ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಗೆ ಕನ್ನಡ, ಮರಾಠಿ, ತೆಲುಗು ಮೂರೂ ಮಾತಿನವರು ಬರುತ್ತಾರೆ. ಇವರೆಲ್ಲ ನಡೆಯುವ ದಾರಿಗಳು ನಮ್ಮ ರಾಜ್ಯಗಳಿಗಿಂತ ಹಳೆಯವು. 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ನ್ಯಾಲಕಲ್ ಸರ್ಕಲ್, ಗುಲಬರ್ಗಾ ಜಿಲ್ಲೆಯಿಂದ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ನಮ್ಮ ಶಾಲೆಗಳು ಗಡಿಯಾಚೆಯ ಕನ್ನಡ ಶಾಲೆಗಳಾದದ್ದು ಅಂದೇ. ಆದರೆ ದಿಂಡಿಯವರು ದಾರಿ ಬದಲಿಸಲಿಲ್ಲ.

ಇದೇ ಗಡಿಯನ್ನು ಯಾರಿಗೂ ಕಾಣದಂತೆ ದಾಟುವ ಇನ್ನೊಂದು ದಾರಿ ನಮ್ಮ ನೆರೆಯಲ್ಲಿದೆ. ಕಾಕಿನಾಡದ ಕಡಲ ತೀರದಿಂದ ಗುಜರಾತಿನ ಭರೂಚದವರೆಗೆ ನೆಲದೊಳಗೆ ಸಾಗುವ ಪೂರ್ವ-ಪಶ್ಚಿಮ ಅನಿಲ ಕೊಳವೆ ಅದು. ಕೃಷ್ಣಾ-ಗೋದಾವರಿ ಕಡಲಿನಲ್ಲಿ 2002ರಲ್ಲಿ ರಿಲಯನ್ಸ್ ಕಂಪನಿಗೆ ಸಿಕ್ಕ ಅನಿಲವನ್ನು ಪಶ್ಚಿಮಕ್ಕೆ ಒಯ್ಯಲು ಹಾಕಿದ ಕೊಳವೆ. ಮುಖ್ಯ ಕೊಳವೆಯ ಉದ್ದ ಸುಮಾರು 1,375 ಕಿ.ಮೀ., ಅಗಲ 48 ಇಂಚು. ನಮ್ಮ ಐದನೇ ತರಗತಿಯ ಹುಡುಗ ಅದರೊಳಗೆ ತುಸು ಬಗ್ಗಿ ನಿಲ್ಲಬಹುದು. ಇಂದಿನ ಲೆಕ್ಕದಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರ, ಗುಜರಾತ್ ಹೀಗೆ ಐದು ರಾಜ್ಯಗಳನ್ನು ದಾಟುತ್ತದೆ. ಕರ್ನಾಟಕದೊಳಗೆ ಅದು ಹಾಯುವುದು ನಮ್ಮ ಪಕ್ಕದ ಬೀದರ ಸೀಮೆಯಲ್ಲಿ. 2009ರ ಏಪ್ರಿಲಿನಲ್ಲಿ ಅನಿಲ ಹರಿಯತೊಡಗಿತು. 2019ರಲ್ಲಿ ಕೊಳವೆ ಕೈಬದಲಾಗಿ ಬ್ರೂಕ್‌ಫೀಲ್ಡ್ ಎಂಬ ಕೆನಡಾ ಮೂಲದ ಸಂಸ್ಥೆಯವರ ಟ್ರಸ್ಟಿಗೆ ಹೋಯಿತು.

ಹೊಲದ ಬದುವಿನಲ್ಲಿ ನೆಟ್ಟ ಎಚ್ಚರಿಕೆಯ ಫಲಕ ಕಂಡಾಗ ಮಕ್ಕಳು ಕೇಳುವುದುಂಟು, 'ಸರ್, ಇದರ ಕೆಳಗೆ ಏನದ?' ಅಂತ. ಏನದ ಎಂದು ಹೇಳುವುದು ಸುಲಭ. ಹನ್ನೆರಡು ಮೀಟರಿನಷ್ಟು ಉದ್ದದ ಉಕ್ಕಿನ ಕೊಳವೆಗಳನ್ನು ಒಂದಕ್ಕೊಂದು ಬೆಸೆದು, ಬೆಸುಗೆಯನ್ನು ಎಕ್ಸ್-ರೇ ತೆಗೆದು ನೋಡಿ, ತುಕ್ಕು ಹಿಡಿಯದಂತೆ ಹೊರಗೆ ಪ್ಲಾಸ್ಟಿಕ್ಕಿನ ಪದರ ಹೊದಿಸಿ, ಕಾಲುವೆಯಂತೆ ತೋಡಿದ ತಗ್ಗಿನಲ್ಲಿ ಇಳಿಸಿ ಮಣ್ಣು ಮುಚ್ಚುತ್ತಾರೆ. ಅನಿಲ ಬಿಡುವ ಮೊದಲು ನೀರು ತುಂಬಿ ಒತ್ತಡ ಕೊಟ್ಟು ಪರೀಕ್ಷೆ ಮಾಡುತ್ತಾರೆ. ಹೆದ್ದಾರಿ, ರೈಲು ಹಳಿ ಅಡ್ಡ ಬಂದರೆ ಅದನ್ನು ಅಗೆಯುವುದಿಲ್ಲ, ಅಡಿಯಿಂದ ಕೊರೆದು ಕೊಳವೆ ತೂರಿಸುತ್ತಾರೆ. ಹೊಳೆಯಾದರೆ ಇನ್ನೂ ಆಳದಿಂದ. ಬಂಡಿದಾರಿ, ಕಾಲುದಾರಿಗಳನ್ನು ಮಾತ್ರ ಸಾಮಾನ್ಯವಾಗಿ ನೇರವಾಗಿ ಅಗೆದು, ಕೊಳವೆ ಇಳಿಸಿ, ಮತ್ತೆ ಮುಚ್ಚುತ್ತಾರೆ. ಬಸ್ಸಿಗೆ ಇರುವ ಮರ್ಯಾದೆ ಬರಿಗಾಲಿಗೆ ಇಲ್ಲ, ಇರಲಿ.

ಮಕ್ಕಳು ಕೇಳದ, ಆದರೆ ಅವರ ತಂದೆತಾಯಿ ಕೇಳುವ ಪ್ರಶ್ನೆ ಬೇರೆ: ಹೊಲ ನಮ್ಮದು, ಹಾಗಾದರೆ ಕೆಳಗಿನದು ಯಾರದು?

ಇದಕ್ಕೆ ಉತ್ತರ ಕೊಡುವ ಕಾನೂನು 1962ರದು. ಪೆಟ್ರೋಲಿಯಂ ಕೊಳವೆಗಳಿಗಾಗಿ ಜಮೀನಿನ 'ಬಳಕೆಯ ಹಕ್ಕು' ಪಡೆಯುವ ಕಾಯಿದೆ ಅದು. 1977ರ ತಿದ್ದುಪಡಿಯಲ್ಲಿ ಅದಕ್ಕೆ ಖನಿಜಗಳನ್ನೂ ಸೇರಿಸಿದರು. ಇದರ ಪ್ರಕಾರ ಜಮೀನು ರೈತನದೇ, ಪಟ್ಟಾ ಅವನ ಹೆಸರಿನಲ್ಲೇ ಉಳಿಯುತ್ತದೆ. ಕೊಳವೆ ಹಾಕುವ, ಅದನ್ನು ನೋಡಿಕೊಳ್ಳುವ ಹಕ್ಕು ಮಾತ್ರ ಹೋಗುತ್ತದೆ. ಮೊದಲಿನಂತೆ ಜೋಳ, ತೊಗರಿ ಬಿತ್ತಬಹುದು. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕೆರೆ ಕಟ್ಟುವಂತಿಲ್ಲ, ಗಿಡ ನೆಡುವಂತಿಲ್ಲ. ಇದಕ್ಕೆ ಸಿಗುವ ಪರಿಹಾರ ಜಮೀನಿನ ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತರಷ್ಟು. ಬೆಳೆ, ಮರಗಳ ನಷ್ಟಕ್ಕೆ ಬೇರೆ ಲೆಕ್ಕ. ಬಾವಿ ತೋಡಲು ಬಾರದ ಹೊಲ ನಮ್ಮ ಮಳೆಯಾಶ್ರಿತ ಸೀಮೆಯಲ್ಲಿ ಎಷ್ಟು ಬೆಲೆ ಕಳೆದುಕೊಳ್ಳುತ್ತದೆ ಎಂಬುದು ಹತ್ತು ಪರ್ಸೆಂಟಿನಲ್ಲಿ ಮುಗಿಯುವ ಲೆಕ್ಕವಲ್ಲ ಎನ್ನುವುದು ನಮ್ಮ ಅಭಿಪ್ರಾಯ. ನ್ಯಾಲಕಲ್, ಝರಾಸಂಗಮ ಮಂಡಲಗಳಲ್ಲಿ ಉತ್ಪಾದನಾ ವಲಯಕ್ಕಾಗಿ 12 ಸಾವಿರಕ್ಕೂ ಹೆಚ್ಚು ಎಕರೆ ಗುರುತಿಸಿದಾಗ ಜಮೀನೇ ಹೋಗುತ್ತದೆಂಬ ಭಯ ಎಲ್ಲರಿಗೂ ಅರ್ಥವಾಯಿತು. ಜಮೀನು ಉಳಿದೂ ಅರ್ಧ ಹೋಗುವ ಈ ಬಗೆ ಅಷ್ಟು ಬೇಗ ಅರ್ಥವಾಗುವುದಿಲ್ಲ.

ಅದೇ ಕಾಯಿದೆಯ 7ನೇ ಕಲಮಿನಲ್ಲಿ ಎಲ್ಲೆಲ್ಲಿ ಕೊಳವೆ ಹಾಕಬಾರದು ಎಂದು ಬರೆದಿದ್ದಾರೆ. ಜನ ವಾಸಿಸುವ ಜಾಗ, ಕಾಯಂ ಕಟ್ಟಡ ಇರುವ ಜಾಗ, ಮನೆಗೆ ಹೊಂದಿದ ಜಾಗ. ಯಾವ ಜಮೀನಿನಲ್ಲೂ ಒಂದು ಮೀಟರಿಗಿಂತ ಕಡಿಮೆ ಆಳದಲ್ಲಿ ಹಾಕಬಾರದು. ಈ ಪಟ್ಟಿಯಲ್ಲಿ ಕಾಲುದಾರಿ ಇಲ್ಲ, ಯಾತ್ರೆಯ ದಾರಿಯೂ ಇಲ್ಲ. ಮನೆಯವನನ್ನು ನೆನೆದ ಕಾನೂನು ನಡೆಯುವವನನ್ನು ನೆನೆಯಲಿಲ್ಲ.

ನಡೆಯುವವರ ದಾರಿಯೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಕಥೆ ಅಮೆರಿಕದ್ದು. ಅಲ್ಲಿ ಅಪಲೇಚಿಯನ್ ಟ್ರೇಲ್ ಎಂಬ ಕಾಲುದಾರಿ ಇದೆ. ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಬೆಟ್ಟದವರೆಗೆ ಸುಮಾರು 3,500 ಕಿ.ಮೀ., 14 ರಾಜ್ಯಗಳು. ಬೆಂಟನ್ ಮೆಕಾಯ್ ಎಂಬವರು 1921ರಲ್ಲಿ ಇದರ ಯೋಜನೆ ಮುಂದಿಟ್ಟರು, 1937ಕ್ಕೆ ದಾರಿ ಪೂರ್ತಿಯಾಯಿತು, 1968ರಲ್ಲಿ ಕಾನೂನಿನ ರಕ್ಷಣೆ ಸಿಕ್ಕಿತು. ಅಲ್ಲಿ ದೇವರ ದರ್ಶನಕ್ಕೆಂದು ನಡೆಯುವುದಿಲ್ಲ, ನಡೆಯುವುದೇ ಉದ್ದೇಶ. ಆದರೂ ಬೆನ್ನಿಗೆ ಗಂಟು ಕಟ್ಟಿಕೊಂಡು ತಿಂಗಳುಗಟ್ಟಲೆ ನಡೆಯುವವರನ್ನು ಕಂಡರೆ ನಮ್ಮ ದಿಂಡಿಯವರಿಗೆ ಅಪರಿಚಿತರೆನಿಸಲಾರರು.

2014ರಲ್ಲಿ ಡೊಮಿನಿಯನ್, ಡ್ಯೂಕ್ ಮೊದಲಾದ ಕಂಪನಿಗಳು ಸುಮಾರು 970 ಕಿ.ಮೀ. ಉದ್ದದ ಅಟ್ಲಾಂಟಿಕ್ ಕೋಸ್ಟ್ ಅನಿಲ ಕೊಳವೆಯನ್ನು ಘೋಷಿಸಿದವು. ವರ್ಜೀನಿಯಾದ ಸರಕಾರಿ ಅರಣ್ಯದೊಳಗೆ ಅದು ಈ ಕಾಲುದಾರಿಯ ಕೆಳಗೆ, ಸುಮಾರು 600 ಅಡಿ ಆಳದಲ್ಲಿ ಹಾಯಬೇಕಿತ್ತು. ಅರಣ್ಯ ಇಲಾಖೆ ಅನುಮತಿ ಕೊಟ್ಟಿತು. ಪರಿಸರದವರು ಕೋರ್ಟಿಗೆ ಹೋದರು. ಅವರ ವಾದ ಇಷ್ಟೇ: ಕಾಲುದಾರಿ ನೋಡಿಕೊಳ್ಳುವುದು ರಾಷ್ಟ್ರೀಯ ಉದ್ಯಾನ ಇಲಾಖೆ, ಉದ್ಯಾನದ ನೆಲದಲ್ಲಿ ಕೊಳವೆಗೆ ಅನುಮತಿ ಕೊಡುವ ಅಧಿಕಾರ ಕಾನೂನಿನಲ್ಲಿ ಯಾವ ಇಲಾಖೆಗೂ ಇಲ್ಲ. 2018ರ ಡಿಸೆಂಬರಿನಲ್ಲಿ ಕೆಳಗಿನ ಕೋರ್ಟು ಇದನ್ನು ಒಪ್ಪಿತು. 2020ರ ಜೂನ್ 15ರಂದು ಅಮೆರಿಕದ ಸುಪ್ರೀಂ ಕೋರ್ಟು ಏಳಕ್ಕೆ ಎರಡರಂತೆ ಅದನ್ನು ತಿರುಗಿಸಿತು.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರ ತರ್ಕ ನಮ್ಮ ಹಳ್ಳಿಯವರಿಗೂ ತಿಳಿಯುವಂಥದು. ನಿನ್ನ ಜಮೀನಿನಲ್ಲಿ ಪಕ್ಕದವನಿಗೆ ಕುದುರೆ ಹೊಡೆದುಕೊಂಡು ಹೋಗಲು ದಾರಿ ಬಿಟ್ಟರೆ ಜಮೀನು ಅವನಿಗೆ ಕೊಟ್ಟಂತಲ್ಲ. ಉದ್ಯಾನ ಇಲಾಖೆಗೆ ಇರುವುದು ದಾರಿಯ ಹಕ್ಕು, ನೆಲ ಅರಣ್ಯ ಇಲಾಖೆಯದೇ, ಆದ್ದರಿಂದ ಕೆಳಗೆ ಕೊಳವೆಗೆ ಅರಣ್ಯ ಇಲಾಖೆ ಒಪ್ಪಿಗೆ ಕೊಡಬಹುದು. ಭಿನ್ನಮತ ಬರೆದವರು ನ್ಯಾಯಮೂರ್ತಿ ಸೋನಿಯಾ ಸೊಟೊಮಯೊರ್. ಕಾಲುದಾರಿಯನ್ನೂ ಅದು ಹಾಯುವ ನೆಲವನ್ನೂ ಬೇರೆ ಮಾಡಲಾಗದು ಎಂಬುದು ಅವರ ನಿಲುವು. ಕಾನೂನಿನ ಲೆಕ್ಕದಲ್ಲಿ ಥಾಮಸರು ಸರಿ ಇರಬಹುದು. ಆದರೆ ಬರಿಗಾಲಲ್ಲಿ ನಡೆದವರು ಯಾರೂ ನೆಲ ಬಿಟ್ಟು ದಾರಿ ಕಂಡವರಲ್ಲ, ಅದಕ್ಕೆ ನಮ್ಮ ಮನಸ್ಸು ಸೊಟೊಮಯೊರ್ ಅವರ ಕಡೆಗೇ ವಾಲುತ್ತದೆ.

ಗೆದ್ದ ಕಂಪನಿಗಳು ಇಪ್ಪತ್ತೇ ದಿನಕ್ಕೆ, ಜುಲೈ 5ರಂದು, ಯೋಜನೆಯನ್ನೇ ಕೈಬಿಟ್ಟವು! ಸುಮಾರು 500 ಕೋಟಿ ಡಾಲರಿನ ಅಂದಾಜು 800 ಕೋಟಿಗೆ ಏರಿತ್ತು, ಬೇರೆ ಮೊಕದ್ದಮೆಗಳು ಬಾಕಿ ಇದ್ದವು. ಅದರಲ್ಲಿ ಒಂದನ್ನು ನಾವು ಮರೆಯಬಾರದು. ಇದೇ ಕೊಳವೆಯ ಅನಿಲ ಒತ್ತುವ ಯಂತ್ರಾಗಾರವನ್ನು ಯೂನಿಯನ್ ಹಿಲ್ ಎಂಬ ಊರಿನಲ್ಲಿ ಕಟ್ಟಬೇಕೆಂದಿದ್ದರು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನ ಕಟ್ಟಿಕೊಂಡ ಊರು ಅದು. ಅಲ್ಲಿಯ ಜನರ ಆರೋಗ್ಯದ ಮೇಲೆ ಏನಾಗುತ್ತದೆ ಎಂದು ಸರಿಯಾಗಿ ನೋಡಲಿಲ್ಲವೆಂದು 2020ರ ಜನವರಿಯಲ್ಲಿ ಕೋರ್ಟು ಆ ಪರವಾನಗಿಯನ್ನು ರದ್ದುಪಡಿಸಿತ್ತು. ಪತ್ರಿಕೆಗಳಲ್ಲಿ ಬೆಟ್ಟದ ದಾರಿಗೆ ಸಿಕ್ಕ ಜಾಗ ಈ ಊರಿಗೆ ಸಿಗಲಿಲ್ಲ. ಮುಂದೆ ಮೌಂಟನ್ ವ್ಯಾಲಿ ಎಂಬ ಇನ್ನೊಂದು ಕೊಳವೆ, 488 ಕಿ.ಮೀ. ಉದ್ದದ್ದು, ಸಂಸತ್ತು 2023ರಲ್ಲಿ ಕಾನೂನನ್ನೇ ಮಾಡಿ ದಾರಿ ಬಿಡಿಸಿಕೊಟ್ಟ ಮೇಲೆ, 2024ರ ಜೂನಿನಲ್ಲಿ ಕೆಲಸ ಆರಂಭಿಸಿತು. ಅದು ಪೀಟರ್ಸ್ ಬೆಟ್ಟದಲ್ಲಿ ಅದೇ ಕಾಲುದಾರಿಯ ಕೆಳಗೆ ಹಾಯುತ್ತದೆ.

ಮತ್ತೆ ನಮ್ಮ ಕಡೆಗೆ ಬರೋಣ. ಕೊಳವೆಯೊಳಗಿನ ಅನಿಲ ಯಾರದು ಎಂಬ ಪ್ರಶ್ನೆಗೂ ಕೋರ್ಟೇ ಉತ್ತರ ಹೇಳಬೇಕಾಯಿತು. ಅಂಬಾನಿ ಸೋದರರ ಜಗಳ ನಮ್ಮ ಸುಪ್ರೀಂ ಕೋರ್ಟಿಗೆ ಹೋದಾಗ, 2010ರ ಮೇ 7ರ ತೀರ್ಪು ಬಳಕೆದಾರನಿಗೆ ತಲುಪುವವರೆಗೆ ಅನಿಲದ ಒಡೆತನ ಸರಕಾರದ್ದು ಎಂದಿತು. ಅಂದರೆ ಹೊಲ ರೈತನದು, ಕೊಳವೆ ಕಂಪನಿಯದು, ಅನಿಲ ದೇಶದ್ದು, ಮೇಲೆ ಕಾಲು ಯಾತ್ರಿಕರದು. ಒಂದು ಮೊಳ ಮಣ್ಣಿಗೆ ಇಷ್ಟು ವಾರಸುದಾರರು. ಆ ಅನಿಲವೂ ಎಣಿಸಿದಷ್ಟು ಬರಲಿಲ್ಲ. 2010ರ ನಂತರ ಹರಿವು ತೀರಾ ಇಳಿಯಿತು, ಮೊದಲ ನಿಕ್ಷೇಪಗಳು 2020ರ ಫೆಬ್ರವರಿಯಲ್ಲಿ ನಿಂತೇ ಹೋದವು, ಅದೇ ಡಿಸೆಂಬರಿನಲ್ಲಿ ಹೊಸ ನಿಕ್ಷೇಪದಿಂದ ಮತ್ತೆ ಶುರುವಾಯಿತು.

ಕಾಸರಗೋಡಿನ ನಮ್ಮ ಕನ್ನಡ ಬಂಧುಗಳಿಗೂ ಇದು ಹೊಸ ಮಾತಲ್ಲ. ಕೊಚ್ಚಿಯಿಂದ ಮಂಗಳೂರಿಗೆ ಗೇಲ್ ಹಾಕಿದ 450 ಕಿ.ಮೀ. ಕೊಳವೆ ಅವರ ಜಿಲ್ಲೆಯನ್ನು ಉದ್ದಕ್ಕೂ ಹಾದಿದೆ. ಕೇರಳದಲ್ಲಿ ವರ್ಷಗಟ್ಟಲೆ ವಿರೋಧ ನಡೆಯಿತು, ಕೊನೆಗೆ ಚಂದ್ರಗಿರಿ ಹೊಳೆಯಡಿ ಕೊರೆಯುವ ಕೆಲಸ ತಡವಾಗಿ, 2021ರ ಜನವರಿ 5ರಂದು ಲೋಕಾರ್ಪಣೆಯಾಯಿತು. ವಿರೋಧಿಸಿದವರನ್ನು ತಿಳಿಗೇಡಿಗಳೆಂದು ನಗುವವರು ಒಂದು ದಿನಾಂಕ ನೆನಪಿಡಬೇಕು: 2014ರ ಜೂನ್ 27. ಅಂದು ಪೂರ್ವ ಗೋದಾವರಿ ಜಿಲ್ಲೆಯ ನಗರಂ ಎಂಬ ಹಳ್ಳಿಯಲ್ಲಿ ಅನಿಲ ಕೊಳವೆ ಸೋರಿ ಬೆಂಕಿ ಹತ್ತಿ 20ಕ್ಕೂ ಹೆಚ್ಚು ಜನ ಸತ್ತರು. ಕೊಳವೆಯೇ ಬೇಡ ಎಂದು ನಾವು ಹೇಳುತ್ತಿಲ್ಲ. ಲಾರಿಗಳಲ್ಲಿ ತುಂಬಿ ರಸ್ತೆಯ ಮೇಲೆ ಒಯ್ಯುವುದಕ್ಕಿಂತ ಇದು ಮೇಲು. ಆದರೆ ಕೇಳುವ ಹಕ್ಕು ನೆಲದ ಮೇಲಿರುವವರಿಗೆ ಇರಬೇಕು.

ಕಾಯಿದೆ ಆ ಹಕ್ಕನ್ನು ಕೊಟ್ಟಿದೆ. ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆ ಸಲ್ಲಿಸಲು 21 ದಿನ. ಭಾರತದ ಗೆಜೆಟ್ಟು ಅಚ್ಚಾಗುವುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಇಲ್ಲಿಯ ಮಂಡಲ ಕಚೇರಿಯ ಭಾಷೆ ತೆಲುಗು. ನಿಜಾಮರ ಕಾಲದ ಹಳೆ ದಾಖಲೆ ಉರ್ದುವಿನಲ್ಲಿ. ನಮ್ಮ ಶಾಲೆಯಲ್ಲಿ ಓದಿದ ರೈತನಿಗೆ ಬರುವುದು ಕನ್ನಡ. ಸರ್ವೆ ನಂಬರು ಯಾವುದು, ಹೊಲದ ಯಾವ ಬದಿಗೆ ಕೊಳವೆ ಬರುತ್ತದೆ, ದಾರಿ ಮತ್ತೆ ಮೊದಲಿನಂತಾಗುವುದು ಯಾವಾಗ ಎಂಬುದನ್ನು ಅವನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯುವಷ್ಟರಲ್ಲಿ 21 ದಿನ ಮುಗಿದಿರುತ್ತದೆ.

ಅದಕ್ಕೇ ನಮ್ಮ ಮೇಷ್ಟ್ರುಗಳಿಗೆ ಒಂದು ಸಲಹೆ. ಎಂಟು, ಒಂಬತ್ತನೇ ತರಗತಿಯವರಿಗೆ ಸಮಾಜ ಪಾಠದ ಜೊತೆಗೆ ಊರಿನ ನಕಾಶೆಯನ್ನೂ ತೋರಿಸಿ. ತೆಲುಗಿನಲ್ಲಿ ನಕ್ಷಾ ಬಾಟ ಎನ್ನುತ್ತಾರಲ್ಲ, ನಕಾಶೆಯಲ್ಲಿ ಗೆರೆಯಾಗಿ ಕಾಣುವ ದಾರಿ, ಅದನ್ನು ಹುಡುಕಿಸಿ. ದಿಂಡಿಯವರು ನಡೆಯುವ ದಾರಿಯಲ್ಲಿ ಎಷ್ಟು ನಕಾಶೆಯಲ್ಲಿದೆ, ಎಷ್ಟು ಬರೀ ರೂಢಿಯಲ್ಲಿದೆ ಎಂದು ಹಿರಿಯರನ್ನು ಕೇಳಿ ಬರೆದುಕೊಂಡು ಬರಲಿ. ಮಾಡಿದ ಶಾಲೆಗಳವರು ಆ ನಕಾಶೆಗಳನ್ನು ನಮಗೂ ಕಳಿಸಿಕೊಡಿ.