ಯೂರೋಪಿನ ಕ್ಯಾನ್ಸರ್ ಮರಣಗಳ ಮುನ್ನಂದಾಜು

ಯೂರೋಪಿಯನ್ ಒಕ್ಕೂಟದ ದೇಶಗಳಲ್ಲಿ ಚಾಲ್ತಿ ವರ್ಷದಲ್ಲಿ ಕ್ಯಾನ್ಸರಿನಿಂದ ಎಷ್ಟು ಜನ ಸಾಯಬಹುದು, ಯಾವ ಅಂಗದ ಕ್ಯಾನ್ಸರಿನಿಂದಾಗುವ ಸಾವು ಏರುತ್ತಿದೆ, ಯಾವುದರದು ಇಳಿಯುತ್ತಿದೆ ಎಂಬುದನ್ನು ಹಿಂದಿನ ಮರಣ ದಾಖಲೆಗಳಿಂದ ಲೆಕ್ಕಹಾಕುವ ವಾರ್ಷಿಕ ಅಧ್ಯಯನ. ಇಟಲಿಯ ಮಿಲಾನಿನ ಕಾರ್ಲೊ ಲಾ ವೆಕ್ಕಿಯಾ ಮತ್ತು ಸಂಗಡಿಗರು 2011ರಲ್ಲಿ ಇದನ್ನು ಆರಂಭಿಸಿದರು. ವರದಿಗಳು 'ಆನಲ್ಸ್ ಆಫ್ ಆಂಕಾಲಜಿ' ಪತ್ರಿಕೆಯಲ್ಲಿ ಪ್ರಕಟವಾಗುತ್ತವೆ.

ಮರಣ ಪ್ರಮಾಣಪತ್ರಗಳ ವಿವರ ಆಯಾ ದೇಶದಲ್ಲಿ ಒಟ್ಟುಗೂಡಿ ವಿಶ್ವ ಆರೋಗ್ಯ ಸಂಸ್ಥೆಯನ್ನು ತಲುಪಲು ಕೆಲವು ವರ್ಷಗಳೇ ಹಿಡಿಯುತ್ತವೆ. 2011ರ ಅಧ್ಯಯನಕ್ಕೆ ಸಿಕ್ಕಿದ್ದು 2007ರವರೆಗಿನ ಅಂಕಿಅಂಶ. ಈ ಅಂತರವನ್ನು ತುಂಬುವುದೇ ಮುನ್ನಂದಾಜಿನ ಉದ್ದೇಶ.

ಪ್ರತಿ ವಯೋಗುಂಪಿನ ಸಾವುಗಳ ರೇಖೆ ಯಾವ ವರ್ಷದಲ್ಲಿ ದಿಕ್ಕು ಬದಲಿಸಿದೆ ಎಂದು 'ಜಾಯಿನ್‌ಪಾಯಿಂಟ್' ವಿಧಾನದಿಂದ ಮೊದಲು ಗುರುತಿಸುತ್ತಾರೆ. ಕೊನೆಯ ತಿರುವಿನಿಂದೀಚಿನ ಭಾಗವನ್ನಷ್ಟೇ ಮುಂದಕ್ಕೆ ಎಳೆದು ಸಾವುಗಳನ್ನು ಅಂದಾಜಿಸಿ, ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟಾಟ್‌ನ ಜನಸಂಖ್ಯಾ ಅಂದಾಜಿನ ನೆರವಿನಿಂದ ಮರಣ ದರ ಕಂಡುಹಿಡಿಯುತ್ತಾರೆ. ವೃದ್ಧರು ಹೆಚ್ಚಿರುವ ದೇಶವನ್ನು ಯುವಕರು ಹೆಚ್ಚಿರುವ ದೇಶದೊಂದಿಗೆ ನೇರವಾಗಿ ಹೋಲಿಸುವಂತಿಲ್ಲ. ಅದಕ್ಕಾಗಿ ಜಪಾನಿನ ಮಿಟ್ಸುವೊ ಸೆಗಿ 1960ರಲ್ಲಿ ರೂಪಿಸಿದ, ನಿಗದಿತ ವಯೋಹಂಚಿಕೆಯ ಪ್ರಮಾಣಕ ಜನಸಂಖ್ಯೆಯ ಮೇಲೆ ದರವನ್ನು ಹೊಂದಿಸಲಾಗುತ್ತದೆ.

ಮೊದಲ ವರದಿ 27 ದೇಶಗಳಲ್ಲಿ 12,81,466 ಸಾವುಗಳನ್ನು ಅಂದಾಜಿಸಿತು. ಇವರಲ್ಲಿ 7,21,252 ಪುರುಷರು, 5,60,214 ಮಹಿಳೆಯರು. ವೃದ್ಧರ ಸಂಖ್ಯೆ ಬೆಳೆದಂತೆ ಒಟ್ಟು ಸಾವು ಹೆಚ್ಚಾಗಬಹುದು, ಆದರೆ ದರ ಇಳಿಯುತ್ತಿದೆ: 2007ಕ್ಕೆ ಹೋಲಿಸಿದರೆ ಪುರುಷರಲ್ಲಿ ಶೇ. 7, ಮಹಿಳೆಯರಲ್ಲಿ ಶೇ. 6ರಷ್ಟು ಇಳಿಕೆ.

ಆದರೆ ಮಹಿಳೆಯರ ಶ್ವಾಸಕೋಶದ ಕ್ಯಾನ್ಸರ್ ಈ ಜಾಡಿಗೆ ಸೇರಲಿಲ್ಲ. ಯೂರೋಪಿನ ಮಹಿಳೆಯರಲ್ಲಿ ಧೂಮಪಾನ ಪುರುಷರಿಗಿಂತ ತಡವಾಗಿ ಹರಡಿತು. ಅದರ ಫಲವೂ ದಶಕಗಳ ನಂತರ ಕಾಣಿಸಿಕೊಂಡಿತು. ಅವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವುಗಳ ದರ ಸ್ತನ ಕ್ಯಾನ್ಸರಿನದನ್ನು ಮೊದಲ ಬಾರಿಗೆ ಮೀರಲಿದೆ ಎಂದು 2015ರ ವರದಿ ಹೇಳಿತು: ಲಕ್ಷಕ್ಕೆ 14.24, ಸ್ತನ ಕ್ಯಾನ್ಸರಿಗೆ 14.22.

ಈಚಿನ ದಿಕ್ಕೇ ಮುಂದುವರಿಯುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿರುವುದರಿಂದ ಹಠಾತ್ ತಿರುವುಗಳನ್ನು ಈ ವಿಧಾನ ಮುಂಚಿತವಾಗಿ ಹಿಡಿಯಲಾರದು. ಆದರೂ ತಂಬಾಕು ನಿಯಂತ್ರಣ, ತಪಾಸಣೆ ಮತ್ತು ಚಿಕಿತ್ಸೆ ಎಲ್ಲಿ ಫಲ ಕೊಟ್ಟಿವೆ, ಎಲ್ಲಿ ಸೋತಿವೆ ಎಂದು ಸರ್ಕಾರಗಳಿಗೆ ಬೇಗ ತಿಳಿಸುವುದರಲ್ಲಿ ಇದರ ಬೆಲೆಯಿದೆ. ಒಕ್ಕೂಟದಲ್ಲಿ ಕ್ಯಾನ್ಸರ್ ಮರಣ ದರ ಶಿಖರ ಮುಟ್ಟಿದ್ದು 1988ರಲ್ಲಿ. ಅದೇ ದರ ಮುಂದುವರಿದಿದ್ದರೆ ಆಗಬಹುದಾಗಿದ್ದ ಸುಮಾರು 62 ಲಕ್ಷ ಸಾವುಗಳು 2024ರ ವೇಳೆಗೆ ಒಕ್ಕೂಟದಲ್ಲಿ ತಪ್ಪಿವೆ ಎಂದು ಆ ವರ್ಷದ ವರದಿ ಅಂದಾಜಿಸಿದೆ.