ಗೋಡೆಯ ಮೊಳೆ, ಮುಂಗಡದ ಹಣ

ಕೊಚ್ಚಿಯಲ್ಲಿ ಫ್ಲ್ಯಾಟು ಖಾಲಿ ಮಾಡುವ ದಿನ ಗೋಡೆಯ ಮೊಳೆ ತೂತೂ ಲೆಕ್ಕಕ್ಕೆ ಬರುತ್ತದೆ. ಮುಂಗಡದ ಜಗಳ ಶುರುವಾಗುವುದು ಅಲ್ಲಿಂದಲೇ.

ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆ ಹಾನಿಗೆ ಸ್ಪಷ್ಟ ಅಳತೆಗೋಲು ಇಟ್ಟಿತು: ಕಟ್ಟಡದ ಬೆಲೆಯನ್ನೋ ಉಪಯೋಗವನ್ನೋ ಬಾಡಿಗೆದಾರ ಗಣನೀಯವಾಗಿ, ಶಾಶ್ವತವಾಗಿ ಕುಗ್ಗಿಸಿದ್ದರೆ ಮಾತ್ರ ಆ ಕಾರಣಕ್ಕೆ ಅವನನ್ನು ಎಬ್ಬಿಸಬಹುದು. 2005ರಲ್ಲಿ ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದೇ ಅಳತೆ ಹಿಡಿದು ಬಾಡಿಗೆದಾರನ ಪರ ತೀರ್ಪಿತ್ತಿತು. ಮೊಳೆ ತೂತು ಶಾಶ್ವತ ಹಾನಿಯಲ್ಲವೆಂದು ನಂಬುವವರಿಗೆ ಇದು ದೊಡ್ಡ ಬಲ.

ಮುಂಗಡಕ್ಕೆ ಅಷ್ಟು ಗಟ್ಟಿ ಬೇಲಿಯಿಲ್ಲ. ಅದೇ 1965ರ ಕಾಯ್ದೆಯ ನ್ಯಾಯಬಾಡಿಗೆಯ ಕಲಮುಗಳನ್ನು ಕೇರಳ ಹೈಕೋರ್ಟ್ 1995ರಲ್ಲಿ ಅಸಾಂವಿಧಾನಿಕವೆಂದು ತಳ್ಳಿಹಾಕಿತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯಷ್ಟೇ ಮುಂಗಡ ಎನ್ನುತ್ತದೆ. ರಾಜ್ಯ ತನ್ನದಾಗಿಸಿಕೊಂಡರಷ್ಟೇ ಅದು ಜಾರಿ.